ಉಪಗ್ರಹಕ್ಕೆ ಕಂಡ ನನ್ನ ರಬ್ಬರ್ ಗುಡ್ಡೆ

ನಮ್ಮ ಊರಿಗೆ ಹೊಸದು ಏನೇ ಬರಲಿ, ಊರಿಗೆ ಉಪಕಾರ ಮಾಡುವ ಮೊದಲು ಅದು ನನ್ನ ಮನೆಗೆ ಬಂದು ಒಂದು ತೊಂದರೆ ಕೊಟ್ಟು ಹೋಗುತ್ತದೆ. ಕರೆಂಟು ಬಂದಾಗ ಕಂಬ ನೆಟ್ಟದ್ದು ನನ್ನ ಅಂಗಳದಲ್ಲಿ, ದೀಪ ಉರಿದದ್ದು ಆಚೆಮನೆಯಲ್ಲಿ. ಬಸ್ಸು ಬಂದಾಗ ಅದನ್ನು ತಿರುಗಿಸಲು ಜಾಗ ಸಾಲದೆ ನನ್ನ ದನದ ಹಟ್ಟಿಯ ಗೋಡೆ ಕೆಡವಿದರು. ಹಾಗಾಗಿ ಎಂಬತ್ತರ ದಶಕದಲ್ಲಿ ಒಂದು ದಿನ, ಆಕಾಶದಲ್ಲಿ ಉಪಗ್ರಹ ತಿರುಗುತ್ತದೆ, ಅಲ್ಲಿಂದಲೇ ಕಾಡಿನ ಪಟ ತೆಗೆಯುತ್ತದೆ ಎಂದು ಪೇಪರಿನಲ್ಲಿ ಓದಿದಾಗ, ಇದೂ ನನ್ನಲ್ಲಿಗೇ ಬರುತ್ತದೆ ಎಂದುಕೊಂಡೆ. ಬಂತು.

ನನ್ನದು ರಬ್ಬರ್ ತೋಟ, ಕಡಬದಿಂದ ಸುಳ್ಯದ ಕಡೆಗೆ ಹೋಗುವ ದಾರಿಯ ಒಂದು ಗುಡ್ಡೆಯಲ್ಲಿ. ಎಪ್ಪತ್ತರ ದಶಕದಲ್ಲಿ ದರ್ಖಾಸ್ತಿಗೆ ಅರ್ಜಿ ಹಾಕಿ ಸರಕಾರದಿಂದ ಪಡೆದಾಗ ಅದು ಮುಳಿಹುಲ್ಲಿನ ಬೋಳುಗುಡ್ಡೆ. ಅದಕ್ಕೂ ಮೊದಲು ನಾನು ಇನ್ನೊಬ್ಬರ ರಬ್ಬರ್ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಓದು ಕಲಿತದ್ದೂ ಅಲ್ಲಿಯೇ, ಗೊಬ್ಬರದ ಚೀಲಗಳ ಮೇಲಿನ ಅಕ್ಷರ ಕೂಡಿಸಿ. ಬೆಟ್ಟಂಪಾಡಿಯ ನನ್ನ ದೊಡ್ಡಪ್ಪ ಗುಡ್ಡೆ ನೋಡಲು ಬಂದವರು, "ಇಲ್ಲಿ ರಬ್ಬರ್ ಆಗುದಿಲ್ಲ, ಹೆಂಗಸರಿಂದಂತೂ ಆಗುದಿಲ್ಲ" ಎಂದರು. ಅವರು ಹಾಗೆ ಹೇಳದೆ ಇದ್ದಿದ್ದರೆ ನಾನು ಬಹುಶಃ ಗೇರು ಹಾಕುತ್ತಿದ್ದೆ.

ಗುಡ್ಡೆಯ ಹಿಂದೆ ಸರಕಾರಿ ಕಾಡು. ನಡುವೆ ಗಡಿಗೆ ತೋಡಿದ ಕಂದಕ, ಒಂದು ಅಗಳು. ಅಗಳಿನ ಆಚೆ ಅವರದ್ದು, ಈಚೆ ನನ್ನದು. ಇದು ನನಗೆ ಗೊತ್ತಿತ್ತು, ಫಾರೆಸ್ಟಿನವರಿಗೆ ಗೊತ್ತಿತ್ತು, ದಾಟಿ ಬರುತ್ತಿದ್ದ ಹಂದಿಗಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

೧. ಕೆಂಪು ಕಾಡು

ಮಳೆ ಬಿಟ್ಟ ಮೇಲೆ ಒಂದು ಜೀಪು ಬಂತು. ಅದರಿಂದ ಇಳಿದವರು ಬಯಲುಸೀಮೆಯ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ. ಕಾಡಿನ ಹೊಸ ನಕ್ಷೆ ಮಾಡಲು ಬಂದವರಾದ್ದರಿಂದ ನಾವು ಅವರನ್ನು ನಕ್ಷೆಯವರು ಎಂದೇ ಕರೆದೆವು. ಅವರು ನನ್ನ ಜಗಲಿಯಲ್ಲಿ ಒಂದು ದೊಡ್ಡ ಪಟ ಬಿಡಿಸಿದರು. ಹೋದ ಡಿಸೆಂಬರಿನಲ್ಲಿ ಉಪಗ್ರಹ ತೆಗೆದದ್ದಂತೆ. ಇಡೀ ಪಟ ಕೆಂಪು.

ಜೀಪಿನ ಶಬ್ದ ಕೇಳಿ ಆಚೆಮನೆಯವರು ಬಂದಿದ್ದರು. ನಮ್ಮ ಕಡೆ ಜೀಪು ಯಾರ ಮನೆಗೆ ಬಂದರೂ ಅವರು ಅಲ್ಲಿರುತ್ತಾರೆ. ಪಟ ನೋಡಿ ಅವರು ಕೇಳಿದರು, "ಎಂತ ಮಾರಾಯ್ರೆ, ಬೆಂಕಿ ಬಿದ್ದದ್ದಾ?"

"ಅಲ್ಲ. ಹಸಿರು ಇರುವ ಕಡೆಯೆಲ್ಲ ಇದರಲ್ಲಿ ಕೆಂಪಾಗಿ ಕಾಣುತ್ತದೆ. ಕೆಂಪು ಹೆಚ್ಚಿದ್ದಷ್ಟೂ ಕಾಡು ಒಳ್ಳೆಯದು."

"ಹಾಗಾದರೆ ಕೆಂಪು ಮಣ್ಣು?"

"ಅದು ಹಸಿರು, ನೀಲಿ, ಹೀಗೆ ಕಾಣುತ್ತದೆ."

ಆಚೆಮನೆಯವರು ಸ್ವಲ್ಪ ಹೊತ್ತು ಪಟವನ್ನೂ ಅಂಗಳದ ಮಣ್ಣನ್ನೂ ನೋಡಿದರು. "ಇಷ್ಟು ಮೇಲೆ ಕಳಿಸಿದ ಮೇಲೆ ಬಣ್ಣ ಸರಿ ಮಾಡಿ ಕಳಿಸಬಹುದಿತ್ತು" ಎಂದರು.

ನಾನು ನನ್ನ ಗುಡ್ಡೆ ಹುಡುಕಿದೆ. ಹಿಂದಿನ ಕಾಡೂ ಕೆಂಪು, ನನ್ನ ತೋಟವೂ ಅದೇ ಕೆಂಪು. ಅಗಳು ಇಲ್ಲವೇ ಇಲ್ಲ. ನಕ್ಷೆಯವರು ಎಳೆದ ಪೆನ್ಸಿಲ್ ಗೆರೆ ನನ್ನ ಬಚ್ಚಲಿನ ಹಿಂದಿನಿಂದ ಹೋಗಿತ್ತು. ಅದರ ಒಳಗೆ 'ದಟ್ಟ ಕಾಡು' ಎಂದು ಬರೆದಿತ್ತು.

"ಇದು ನನ್ನ ರಬ್ಬರ್" ಎಂದೆ.

"ಗೊತ್ತು ಅಮ್ಮ. ಬರುವಾಗ ಮರದಲ್ಲಿ ಕಟ್ಟಿದ ಕರಟ ನೋಡಿದೆ. ಹಾಲು ಇಳಿಯುತ್ತಿತ್ತು."

"ಮತ್ತೆ ಕಾಡು ಅಂತ ಯಾಕೆ ಬರೆದದ್ದು?"

"ನನ್ನ ಕಣ್ಣಿಗೆ ರಬ್ಬರ್. ಪಟಕ್ಕೆ ಕಾಡು. ನಾನು ಬರೆಯಬೇಕಾದದ್ದು ಪಟದಲ್ಲಿ ಇರುವುದನ್ನು."

ಒಳಗಿನಿಂದ ಜಾಗದ ಪಟ್ಟೆ ತಂದು ಅವರ ಮುಂದೆ ಇಟ್ಟೆ. ಪಟ್ಟೆ ಕಂದಾಯದವರದ್ದು, ಉಪಗ್ರಹ ಅದನ್ನು ಓದುವುದಿಲ್ಲ ಎಂದರು. ಹೊಸ ನಕ್ಷೆಯಲ್ಲಿ ಕಾಡು ಎಂದು ಅಚ್ಚಾದರೆ ನಾನು ಮರ ಕೆತ್ತುವ ಹಾಗಿಲ್ಲ, ಹಾಲು ತೆಗೆಯುವ ಹಾಗಿಲ್ಲ, ಕೊನೆಗೆ ಬಿಟ್ಟು ಏಳಬೇಕು ಎಂಬುದನ್ನೂ ಮರ್ಯಾದೆಯಿಂದಲೇ ಹೇಳಿದರು. ಆಮೇಲೆ, ಚಾ ತುಂಬಾ ಚೆನ್ನಾಗಿದೆ ಎಂದರು.

ಅದು ಚಾ ಅಲ್ಲ, ಕಷಾಯ ಎಂದು ನಾನು ಹೇಳಲಿಲ್ಲ. ಅವರ ಕಣ್ಣಿಗೆ ಹೇಗೆ ಕಂಡಿತೋ ಹಾಗೇ ಇರಲಿ.

೨. ಬನದೊಳಗೆ ಟೇಪು

ನಕ್ಷೆಯವರು ಕೆಟ್ಟವರಲ್ಲ. ಒಂದು ದಾರಿ ಉಂಟು ಎಂದರು. ನಿಜವಾದ ಹಳೇ ಕಾಡು ಒಂದನ್ನು ಒಳಗೆ ಹೋಗಿ ಅಳೆದು, ಅದು ಪಟದಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿದರೆ, ನನ್ನ ತೋಟ ಬೇರೆ ಎಂದು ತೋರಿಸಬಹುದಂತೆ. ಪಟದಲ್ಲಿ ನಮ್ಮ ಗ್ರಾಮದ ಅತಿ ಕಡು ಕೆಂಪು ಯಾವುದು ಎಂದು ಹುಡುಕಿದರು. ಅದು ಸರಕಾರಿ ಕಾಡಿನಲ್ಲಿ ಇರಲಿಲ್ಲ. ಆಚೆಮನೆಯವರ ನಾಗಬನದಲ್ಲಿತ್ತು.

ಅದು ದೊಡ್ಡ ಬನ. ಅಜ್ಜಂದಿರ ಕಾಲದಿಂದ ಅದರಲ್ಲಿ ಒಂದು ಕಡ್ಡಿ ಮುರಿದವರಿಲ್ಲ. ವರ್ಷಕ್ಕೊಮ್ಮೆ ಭಟ್ಟರು ಒಳಗೆ ಹೋಗಿ ನಾಗನಿಗೆ ಹಾಲೆರೆದು ಬರುತ್ತಾರೆ, ಉಳಿದವರು ಹೊರಗೆ ಕೈಮುಗಿದು ನಿಲ್ಲುತ್ತಾರೆ.

ನಕ್ಷೆಯವರು ಟೇಪು ಹಿಡಿದು ಹೊರಟಾಗ ಆಚೆಮನೆಯವರು ಅಡ್ಡ ನಿಂತರು. "ಸಾಹೇಬ್ರೆ, ಬೆಳಿಗ್ಗೆ ಸ್ನಾನ ಆಗಿದೆಯಾ?"

"ಆಗಿದೆ."

"ಮಧ್ಯಾಹ್ನ ಊಟ ಎಲ್ಲಿ?"

"ಕಡಬದಲ್ಲಿ."

"ಮೀನು?"

ನಕ್ಷೆಯವರು ಸತ್ಯವಂತರು. "ಎರಡು ಬಂಗುಡೆ" ಎಂದರು.

ಅಲ್ಲಿಗೆ ಅವರ ಕಾಡು ಪರೀಕ್ಷೆ ಮುಗಿಯಬೇಕಿತ್ತು. ಆದರೆ ಗುಡ್ಡೆ ನನ್ನದು, ಉಳಿಸಿಕೊಳ್ಳಬೇಕಾದವಳು ನಾನು. ನಾನೇ ಹೋಗಿ ಭಟ್ಟರನ್ನು ಕರೆತಂದೆ. ಅವರು ಮಡಿಯುಟ್ಟು ಬಂದರು. ಟೇಪನ್ನು ಬಾವಿಕಟ್ಟೆಯಲ್ಲಿ ತೊಳೆದು ಅವರ ಕೈಗೆ ಕೊಟ್ಟೆವು. ದೊಡ್ಡದು ನೋಡಿ ಸುತ್ತಳತೆ ತೆಗೆದು ಬನ್ನಿ ಎಂದು ನಕ್ಷೆಯವರು ಹೇಳಿಕೊಟ್ಟರು.

ಭಟ್ಟರು ಒಳಗೆ ಹೋದವರು ಬರಲು ತುಂಬಾ ಹೊತ್ತಾಯಿತು. ನಡುನಡುವೆ ಗಂಟೆಯ ಶಬ್ದ ಕೇಳುತ್ತಿತ್ತು. ಹೊರಗೆ ಬಂದು ಅಳತೆ ಹೇಳಿದರು, ನಕ್ಷೆಯವರು ಬರೆದುಕೊಂಡರು.

"ಯಾವ ಜಾತಿಯ ಮರ ಭಟ್ಟರೆ?"

"ಮರ ಅಲ್ಲ. ನಾಗನ ಕಲ್ಲು."

"ನಾನು ಮರದ್ದಲ್ಲವಾ ಕೇಳಿದ್ದು?"

"ಮರ ಮುಟ್ಟಲಿಕ್ಕಿಲ್ಲ" ಎಂದರು ಭಟ್ಟರು. "ದೊಡ್ಡದು ಅಂತ ನೀವು ಹೇಳಿದ್ದು. ಅಲ್ಲಿ ನಾಗನಿಗಿಂತ ದೊಡ್ಡದು ಯಾವುದೂ ಇಲ್ಲ."

ಇನ್ನೊಮ್ಮೆ ಒಳಗೆ ಹೋಗಬೇಕಾದರೆ ಮುಂದಿನ ವರ್ಷ ಎಂದರು. ನಕ್ಷೆಯವರ ಕಾಗದದಲ್ಲಿ ಆ ಸಾಲು ಖಾಲಿ ಬಿಡುವ ಹಾಗಿರಲಿಲ್ಲ. ಆ ಸಲದ ವರದಿಯಲ್ಲಿ ನಮ್ಮ ಗ್ರಾಮದ ಮರಗಳ ಸರಾಸರಿ ದಪ್ಪ ಎಂದು ಏನು ಬರೆದಿದ್ದಾರೋ, ಅದರಲ್ಲಿ ನಾಗನೂ ಸೇರಿದ್ದಾನೆ.

೩. ಎರಡು ನೋಟೀಸು

'ಕಾಡನ್ನು ಬಿಟ್ಟು ತೆರಳತಕ್ಕದ್ದು' ಎಂಬ ನೋಟೀಸು ಬರುತ್ತದೆ ಎಂದು ಕಾದಿದ್ದೆ, ಬಂತು. ಅದಕ್ಕೆ ಉತ್ತರ ಬರೆಯುತ್ತಿರುವಾಗಲೇ ಇನ್ನೊಂದು ಬಂತು. ಅದರಲ್ಲಿ, ನಾನು ಕಾಡನ್ನು ಪೂರ್ತಿ ಕಡಿದು ಬೋಳು ಮಾಡಿದ್ದೇನೆ, ಕೂಡಲೇ ಗಿಡ ನೆಡಬೇಕು ಎಂದಿತ್ತು. ಓದಿ ಮುಗಿಸಿ ತಲೆ ಎತ್ತಿ ನೋಡಿದೆ. ಮರಗಳು ಇದ್ದಲ್ಲೇ ಇದ್ದವು.

ಎರಡನ್ನೂ ಹಿಡಿದುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಕಚೇರಿಯಲ್ಲಿ ನಕ್ಷೆಯವರು ಎರಡನೆಯ ಪಟ ತೋರಿಸಿದರು. ಅದು ಫೆಬ್ರವರಿಯದ್ದು. ಸರಕಾರಿ ಕಾಡು ಕೆಂಪಾಗಿತ್ತು, ನಾಗಬನ ಕೆಂಪಾಗಿತ್ತು, ನನ್ನ ಗುಡ್ಡೆ ಮಾತ್ರ ಬೂದಿ ಬಣ್ಣ.

"ಎರಡು ಪಟಗಳ ನಡುವೆ ಇಷ್ಟು ದೊಡ್ಡ ಗುಡ್ಡೆ ಯಾರೂ ಕಡಿದದ್ದಿಲ್ಲ" ಎಂದರು ನಕ್ಷೆಯವರು. ಅವರ ದನಿಯಲ್ಲಿ ಸ್ವಲ್ಪ ಗೌರವವೂ ಇತ್ತು.

ಪಕ್ಕದ ಮೇಜಿನ ಹೆಡ್ ಕ್ಲಾರ್ಕು ಈಶ್ವರಮಂಗಲದ ಕಡೆಯವರು, ಸ್ವಂತ ತೆಂಗಿನ ತೋಟ ಇದ್ದವರು. ಅವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. "ಅಮ್ಮ, ನನಗೆ ಕಾಯಿ ಕೀಳಲಿಕ್ಕೆ ಒಬ್ಬ ಜನ ಸಿಗುದಿಲ್ಲ. ನಿಮಗೆ ಇಷ್ಟು ಆಳು ಎಲ್ಲಿ ಸಿಕ್ಕಿದ್ದು?"

ನಾನು ಹೇಳಿದೆ, ರಬ್ಬರ್ ಮರ ಜನವರಿ ಫೆಬ್ರವರಿಯಲ್ಲಿ ಎಲೆ ಉದುರಿಸುತ್ತದೆ, ಮಾರ್ಚಿಗೆ ಚಿಗುರುತ್ತದೆ, ಇದು ರಬ್ಬರ್ ಹಾಕಿದವರಿಗೆಲ್ಲ ಗೊತ್ತುಂಟು. ನಿಮ್ಮ ಉಪಗ್ರಹ ಬೇರೆ ಸಮಯ ನೋಡಿ ಬರಬಹುದಲ್ಲ?

"ಮಳೆಗಾಲದಲ್ಲಿ ಬಂದರೆ ಅದಕ್ಕೆ ಮೋಡ ಬಿಟ್ಟು ಏನೂ ಕಾಣುವುದಿಲ್ಲ" ಎಂದರು ನಕ್ಷೆಯವರು. "ನಿಮ್ಮ ಕಡೆ ಆಕಾಶ ಹೆಚ್ಚು ಚೊಕ್ಕ ಇರುವುದು ಜನವರಿ ಫೆಬ್ರವರಿಯಲ್ಲಿ."

ಅಂದರೆ ನನ್ನ ಮರ ಬಟ್ಟೆ ಬಿಚ್ಚಿದ ಹೊತ್ತಿಗೇ ಅದು ಇಣುಕುವುದು.

"ಹಾಗಾದರೆ ಈಗ ಬಂದು ನೋಡಿ. ಮರ ತುಂಬಾ ಎಲೆ ಉಂಟು" ಎಂದೆ ಹೆಡ್ ಕ್ಲಾರ್ಕಿಗೆ.

"ಈಗ ನೋಡಿದರೆ ಈಗ ಇರುದು ಕಾಣುತ್ತದೆ ಅಮ್ಮ. ನೋಟೀಸು ಫೆಬ್ರವರಿಯದ್ದು."

"ಸರಿ, ಹಾಗಾದರೆ ಒಂದು ಹೇಳಿ. ನಾನು ಕಾಡು ಕಡಿದದ್ದಾದರೆ ಅಲ್ಲಿ ಈಗ ಕಾಡಿಲ್ಲ, ಬಿಟ್ಟು ಹೋಗು ಅಂತ ಹೇಳಲಿಕ್ಕಿಲ್ಲ. ಕಾಡು ಉಂಟಾದರೆ ನಾನು ಕಡಿದದ್ದಲ್ಲ, ಗಿಡ ನೆಡು ಅಂತ ಹೇಳಲಿಕ್ಕಿಲ್ಲ. ಎರಡರಲ್ಲಿ ಒಂದು ಹಿಂದೆ ತಗೊಳ್ಳಿ."

ಹೆಡ್ ಕ್ಲಾರ್ಕು ಎರಡೂ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎರಡರ ನಂಬ್ರ ಬೇರೆ ಬೇರೆ ಉಂಟು" ಎಂದರು. "ಮೊದಲು ಗಿಡ ನೆಡಿ. ಆಮೇಲೆ ಬಿಟ್ಟು ಹೋಗಿ."

೪. ಮಧ್ಯಾಹ್ನದ ಮೇಲೆ

ಉಪಗ್ರಹದಿಂದ ನನಗೆ ಬಂದ ಕಷ್ಟ ನೋಡಿ ಹೆಚ್ಚು ಹೆದರಿದವರು ಆಚೆಮನೆಯವರು. ಕಾರಣ ಇತ್ತು. ನನ್ನ ಅಗಳಿನ ಕೊನೆಗೆ ತಾಗಿದ ಹಾಗೆ ಸರಕಾರಿ ಕಾಡಿನೊಳಗೆ ಅವರು ಗೇರು ಹಾಕುವ ಅಂದಾಜಿನಲ್ಲಿ ಸ್ವಲ್ಪಸ್ವಲ್ಪವೇ ಮರ ಕಡಿಯುತ್ತಿದ್ದರು. ಅವರು ಅಲ್ಲಿ ಕಡಿದಷ್ಟೂ ಪಟದಲ್ಲಿ ನನ್ನ ಲೆಕ್ಕಕ್ಕೆ ಬೀಳುತ್ತದೆ ಎಂದು ನನಗೂ ಹೆದರಿಕೆ. ನಿಲ್ಲಿಸು ಮಾರಾಯ ಎಂದು ಹೇಳಿ ಹೇಳಿ ಸೋತಿದ್ದೆ.

ಒಮ್ಮೆ ಅವರು ಜೀಪಿನ ಹತ್ತಿರ ನಿಂತು ನಕ್ಷೆಯವರನ್ನು ಬಹಳ ಭಕ್ತಿಯಿಂದ ಕೇಳಿದರು, "ಸಾಹೇಬ್ರೆ, ಅದು ನಮ್ಮ ಮೇಲೆ ಬರುದು ಎಷ್ಟು ಹೊತ್ತಿಗೆ?"

"ಯಾವಾಗ ಬಂದರೂ ಬೆಳಿಗ್ಗೆಯೇ ಬರುತ್ತದೆ."

"ಮಧ್ಯಾಹ್ನ?"

"ಇಲ್ಲ. ಆಗ ಅದು ಭೂಮಿಯ ಬೇರೆ ಕಡೆ ಇರುತ್ತದೆ."

ಆಚೆಮನೆಯವರು ಕೈಮುಗಿದರು. ಮಾರನೆಯ ದಿನದಿಂದ ಅವರ ಆಳುಗಳು ಬೆಳಿಗ್ಗೆ ಮನೆಯ ಹತ್ತಿರದ ಕೆಲಸ ಮಾಡಿ, ಮಧ್ಯಾಹ್ನ ಗಂಜಿ ಕುಡಿದ ಮೇಲೆ ಕೊಡಲಿ ಹಿಡಿದು ಕಾಡಿಗೆ ಹೋಗತೊಡಗಿದರು. ಬಿದ್ದ ಮರ ಬಿದ್ದೇ ಇರುತ್ತದಲ್ಲ, ನಾಳೆ ಬೆಳಿಗ್ಗೆ ಕಾಣುವುದಿಲ್ಲವಾ ಎಂದು ನಾನು ಕೇಳಿದೆ.

"ಕಾಣಲಿ ಅಕ್ಕ. ಕಡಿದದ್ದು ಯಾರು ಅಂತ ಅದಕ್ಕೆ ಕಾಣಬೇಕಲ್ಲ. ಅದು ಇಲ್ಲದಾಗ ಆದದ್ದು."

ಆ ವಾರವೇ ಫಾರೆಸ್ಟ್ ಗಾರ್ಡು ಅವರನ್ನು ಹಿಡಿದರು. ನಾನು ಆ ಹೊತ್ತಿಗೆ ಅಗಳಿನ ಈಚೆ ಬೇಲಿ ಕಟ್ಟುತ್ತಿದ್ದೆ, ಎಲ್ಲ ಕೇಳಿಸಿತು. ಆಚೆಮನೆಯವರಿಗೆ ಸಿಕ್ಕಿಬಿದ್ದದ್ದಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ನೀವು ಯಾವಾಗಲೂ ಬೆಳಿಗ್ಗೆ ಬರುದಲ್ಲವಾ ಗಾರ್ಡ್ರೆ?"

"ಬೆಳಿಗ್ಗೆದ್ದು ಈಗ ಉಪಗ್ರಹ ನೋಡಿಕೊಳ್ಳುತ್ತದಂತೆ" ಎಂದರು ಗಾರ್ಡು. "ಹಾಗಾಗಿ ನಾನು ಈಗ ಮಧ್ಯಾಹ್ನ ಮಾತ್ರ ಬರುದು."

೫. ಮೂರನೆಯ ಪಟ

ನಾನು ಗಿಡವನ್ನೂ ನೆಡಲಿಲ್ಲ, ಬಿಟ್ಟೂ ಹೋಗಲಿಲ್ಲ. ವಾರ ವಾರ ಪುತ್ತೂರಿಗೆ ಹೋಗಿ ಕಚೇರಿಯ ಬೆಂಚಿನಲ್ಲಿ ಕುಳಿತೆ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ, ಓದಲು ಪುಸ್ತಕವನ್ನೂ ಒಯ್ಯುತ್ತಿದ್ದೆ. ಹೆಡ್ ಕ್ಲಾರ್ಕು ಮೊದಮೊದಲು ಮುಖ ತಿರುಗಿಸುತ್ತಿದ್ದರು, ಆಮೇಲೆ ನನ್ನ ಪುಸ್ತಕ ಮುಗಿದದ್ದೇ ಕೇಳಿ ಇಸಿದುಕೊಂಡು ಓದತೊಡಗಿದರು. ನನ್ನನ್ನು ಎಬ್ಬಿಸಲು ಬೇರೆ ಉಪಾಯ ಕಾಣದೆ ಕಡೆಗೆ ದೊಡ್ಡ ಸಾಹೇಬರು ಒಂದು ಆದೇಶ ಮಾಡಿದರು. ಇನ್ನೊಂದು ಪಟ ತರಿಸುವುದು, ಅದರಲ್ಲಿ ನನ್ನ ಜಾಗ ಏನಾಗಿ ಕಾಣುತ್ತದೋ ಹೊಸ ನಕ್ಷೆಯಲ್ಲಿ ಅದೇ ಅಂತಿಮ.

ನಕ್ಷೆಯವರು ನನ್ನನ್ನು ಬದಿಗೆ ಕರೆದು ಹೇಳಿದರು, "ಅಮ್ಮ, ಎಲೆ ಬಲಿತ ಮೇಲೆ ತೆಗೆದರೆ ಪುನಃ ಕಾಡು. ಎಲೆ ಉದುರಿದಾಗ ತೆಗೆದರೆ ಪುನಃ ಬೋಳು. ಚಿಗುರು ಬರುವ ಕೆಲವು ದಿನ ಮಾತ್ರ ಅದರ ಬಣ್ಣ ಎರಡಕ್ಕೂ ಸೇರುವುದಿಲ್ಲ. ಆಗ ಸಿಕ್ಕಿದರೆ ತೋಟ ಅಂತ ಬರೆಯಬಹುದು. ಮಾರ್ಚಿನಲ್ಲಿ ಹಾಗೆ ಒಂದು ದಿನ ಉಪಗ್ರಹ ಬರುವುದಿದೆ."

ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಮರ ಚಿಗುರಬೇಕು, ಆಕಾಶ ಚೊಕ್ಕ ಇರಬೇಕು. ಮರ ಹೇಳಿದ ಹೊತ್ತಿಗೆ ಚಿಗುರಿತು. ಆ ದಿನ ನಾನು ಬೆಳಿಗ್ಗೆ ಎದ್ದು ಹೊರಗೆ ಬಂದರೆ ಮೋಡದ ಹೆಸರಿಲ್ಲ. ಕೊಯಿಲದ ಕಡೆಯ ಗುಡ್ಡೆಗಳೆಲ್ಲ ಕಾಣುತ್ತಿದ್ದವು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿಗೆ ಬೆಂಕಿ ಹಾಕಬೇಡಿ ಎಂದು ಆಳುಗಳಿಗೆ ಹೇಳಿದೆ. ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಜಗಲಿಯಲ್ಲಿ ಕುಳಿತೆ. ಸೀರೆ ಕಾಣುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ಅಗಳಿನ ಕೊನೆಯಿಂದ ಹೊಗೆ ಎದ್ದಿತು. ಮೊದಲು ಒಂದು ಕಡೆ, ಆಮೇಲೆ ಉದ್ದಕ್ಕೂ. ಓಡಿದೆ. ಆಚೆಮನೆಯವರು ಸುಡುಮಣ್ಣು ಹಾಕಿದ್ದರು. ಬೇಸಗೆಯಲ್ಲಿ ತರಗೆಲೆಯ ಮೇಲೆ ಮಣ್ಣು ಮುಚ್ಚಿ ಬೇಯಿಸಿ ಗೊಬ್ಬರ ಮಾಡುವುದು ನಮ್ಮ ಕಡೆಯ ಕ್ರಮವೇ. ಆದರೆ ಅದಕ್ಕೆ ಒಣಗಿದ ಎಲೆ ಬೇಕು. ಇವರು ಹಸಿ ಸೊಪ್ಪು ಹೊರೆಗಟ್ಟಲೆ ತಂದು ಸಾಲಾಗಿ ಗುಪ್ಪೆ ಹಾಕಿದ್ದರು. ಗಾರ್ಡಿನ ಲೆಕ್ಕಕ್ಕೆ ಸಿಕ್ಕಿದ್ದು ಒಂದೆರಡು ಮರ ಮಾತ್ರ, ಅವರು ಕಡಿದ ಜಾಗವಿಡೀ ಆ ದಿನ ಉಪಗ್ರಹಕ್ಕೆ ಕಾಣಬಾರದಲ್ಲ.

"ನಂದಿಸು ಮಾರಾಯ, ನನ್ನ ತೋಟ ಹೋಗುತ್ತದೆ" ಎಂದೆ.

"ಮಣ್ಣು ಬೇಯುವಾಗ ನಂದಿಸಿದರೆ ಗೊಬ್ಬರ ಆಗುದಿಲ್ಲ ಅಕ್ಕ" ಎಂದರು ಕೆಮ್ಮುತ್ತಾ.

ನಾನು ತೋಡಿನಿಂದ ನೀರು ತಂದು ಸುರಿದೆ. ಸುಡುಮಣ್ಣಿಗೆ ನೀರು ಸುರಿದರೆ ಹೊಗೆ ಹೆಚ್ಚಾಗುತ್ತದೆ ಎಂದು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಗಾಳಿ ಇರಲಿಲ್ಲ. ಇದ್ದ ಸ್ವಲ್ಪ ಗಾಳಿ ನನ್ನ ಗುಡ್ಡೆಯ ಕಡೆಗೆ. ಉಪಗ್ರಹದ ಹೊತ್ತು ಮೀರುವವರೆಗೆ ನನ್ನ ಮರಗಳು ನನಗೇ ಕಾಣಲಿಲ್ಲ.

ಪಟ ಪುತ್ತೂರಿಗೆ ಬಂದದ್ದು ಮಳೆ ಹಿಡಿದ ಮೇಲೆ. ಹೇಳಿಕಳಿಸಿದರು, ಹೋದೆ. ಜಿಲ್ಲೆಯಿಡೀ ಕನ್ನಡಿಯ ಹಾಗೆ ಕಾಣುತ್ತಿತ್ತು. ಒಂದೇ ಒಂದು ಕಡೆ ಬೆಳ್ಳಗಿನ ಮಚ್ಚೆ. ಹೆಡ್ ಕ್ಲಾರ್ಕು ಆದೇಶ ಓದಿ ಹೇಳಿದರು, "ಅಮ್ಮ, ನಿಮ್ಮ ಜಾಗ ಮೋಡ ಅಂತ ತೀರ್ಮಾನ ಆಗಿದೆ."

"ಅದು ಮೋಡ ಅಲ್ಲ. ಆಚೆಮನೆಯವನ ಹೊಗೆ."

"ನಕ್ಷೆಯಲ್ಲಿ ಕಾಡಿಗೆ ಒಂದು ಗುರುತು ಉಂಟು, ಬೋಳಿಗೆ ಉಂಟು, ತೋಟಕ್ಕೆ ಉಂಟು, ಮೋಡಕ್ಕೆ ಉಂಟು. ಆಚೆಮನೆಯವನ ಹೊಗೆಗೆ ಇಲ್ಲ."

"ನಾನು ಒಪ್ಪುದಿಲ್ಲ. ನಾನು ನೆಟ್ಟ ತೋಟ ಅದು. ತೋಟ ಅಂತ ಬರೆಯಿರಿ. ಇಲ್ಲದಿದ್ದರೆ ಇನ್ನೊಂದು ಪಟ ತರಿಸಿ." ನಾನು ಬೆಂಚಿನಲ್ಲಿ ಕುಳಿತು ಬುತ್ತಿ ಬದಿಗಿಟ್ಟೆ.

ಹೆಡ್ ಕ್ಲಾರ್ಕು ಎದ್ದು ಬಂದು ನನ್ನ ಬದಿಯಲ್ಲಿ ಕುಳಿತರು. ಸುತ್ತ ನೋಡಿ ದನಿ ತಗ್ಗಿಸಿದರು. "ಅಮ್ಮ, ಸ್ವಲ್ಪ ಯೋಚನೆ ಮಾಡಿ. ಕಾಡಾದರೆ ಅದು ನಮ್ಮದು, ನೀವು ಏಳಬೇಕು. ಬೋಳಾದರೆ ನೀವು ಕಡಿದದ್ದು, ಕೇಸು ಆಗಬೇಕು. ತೋಟ ಅಂತ ಬರೆದರೆ ಮೊದಲು ಕಾಡು ಅಂತ ಬರೆದದ್ದು ಯಾಕೆ ಅಂತ ಮೇಲಿನವರು ಕೇಳುತ್ತಾರೆ, ಕಡತ ಇನ್ನೂ ನಾಲ್ಕು ಮೇಜು ಸುತ್ತುತ್ತದೆ. ಆದರೆ ಮೋಡದ ಮೇಲೆ ನಮ್ಮ ಇಲಾಖೆಗೆ ಅಧಿಕಾರವೇ ಇಲ್ಲ. ಎರಡೂ ನೋಟೀಸು ತನ್ನಷ್ಟಕ್ಕೆ ಬಿದ್ದುಹೋಗುತ್ತವೆ."

ನಾನು ಬುತ್ತಿಯ ಗಂಟು ಬಿಚ್ಚತೊಡಗಿದೆ.

"ಮೋಡದ ಕೆಳಗೆ ನೀವು ಹಾಲು ತೆಗೆದರೆ ಯಾರಿಗೆ ಕಾಣುತ್ತದೆ?" ಎಂದರು.

ಜೀವಮಾನದಲ್ಲಿ ನಾನು ಸುಳ್ಳು ತೀರ್ಮಾನಕ್ಕೆ ತಲೆಬಾಗಿದ್ದು ಅದೊಂದೇ. ಮೋಡ ಅಂತಲೇ ಇರಲಿ ಎಂದೆ. ಆದರೆ ಪೂರ್ತಿ ಗುಡ್ಡೆ ಬರಬೇಕು, ಬಚ್ಚಲಿನ ಹಿಂದಿನಿಂದ ಅಗಳಿನವರೆಗೆ, ಒಂದು ಮೂಲೆ ಬಿಟ್ಟುಹೋದರೂ ಸಹಿ ಹಾಕುವುದಿಲ್ಲ ಎಂದೆ. ನಕ್ಷೆಯವರು ಪೆನ್ಸಿಲ್ ತೆಗೆದು ಮೋಡವನ್ನು ಅಗಳಿನವರೆಗೆ ಸರಿಯಾಗಿ ಎಳೆದುಕೊಟ್ಟರು. ಅವರು ಎಳೆದ ಗೆರೆಗಳಲ್ಲಿ ಗಡಿ ತಪ್ಪದೆ ಇದ್ದದ್ದು ಅದೊಂದೇ.

ಆ ಸಂಜೆ ನಾನು ಬಸ್ಸಿಳಿಯುವ ಮೊದಲೇ ಸುದ್ದಿ ಊರಿಗೆ ಬಂದಿತ್ತು. ಆಚೆಮನೆಯವರು ನನ್ನ ಜಗಲಿಯಲ್ಲಿ ಕಾದು ಕುಳಿತಿದ್ದರು. ಗಾಳಿ ನನ್ನ ಕಡೆಗೆ ಬೀಸಿದ್ದರಿಂದ ಅವರು ಕಡಿದ ಜಾಗ ಪಟದಲ್ಲಿ ಸ್ಪಷ್ಟವಾಗಿ ಬಂದಿತ್ತು. ಅವರಿಗೂ ನೋಟೀಸು ಆಗಿತ್ತು.

"ಸೊಪ್ಪು ಹೊತ್ತದ್ದು ನಾನು, ಹೊಗೆ ಕುಡಿದದ್ದು ನಾನು, ಮೋಡ ಆದದ್ದು ನಿಮ್ಮ ಜಾಗವಾ ಅಕ್ಕ?"

"ನೀರು ಹೊತ್ತದ್ದು ನಾನು" ಎಂದೆ.

ಅವರು ಅಂಗಳಕ್ಕಿಳಿದು ಗಾಳಿ ಯಾವ ಕಡೆಗೆ ಎಂದು ನೋಡಿದರು. ಆಮೇಲೆ ಮೆಲ್ಲ ಹೇಳಿದರು, "ಬರುವ ಸಲ ನೀವು ನಿಮ್ಮ ಬದಿಯಲ್ಲಿ ಸುಡುಮಣ್ಣು ಹಾಕಿ ಅಕ್ಕ. ಗಾಳಿ ಆಚೆ ಹೋಗುವಾಗ. ನಂದೂ ಒಂದು ಮೋಡ ಆಗಲಿ."

"ಹಾಕುದಿಲ್ಲ. ನನ್ನ ಮೋಡದ ಬದಿಗೆ ನಿನ್ನ ಮೋಡ ಬಂದು ನಿಂತರೆ, ಗಡಿ ಎಲ್ಲಿ ಅಂತ ನಾಳೆ ತಕರಾರು ಸುರು ಆಗುದು."

ಅವರು ಯೋಚಿಸಿ, ಅದೂ ಹೌದು ಎಂದರು.